ನಾಲ್ಕು ಕಾಲಂ, ಆರು ಕೊಡ ನೀರು

ಮಾರ್ಚ್ 22 ಹತ್ತಿರ ಬಂದರೆ ನನಗೆ ಈಗಲೂ ಸಂಕಟ ಆಗುತ್ತದೆ. ವಿಶ್ವ ಜಲ ದಿನ. ಎರಡು ವರ್ಷದ ಹಿಂದೆ ಅದೇ ದಿನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಎಲ್ಲರ ಮುಂದೆ ಸುಳ್ಳು ಹೇಳಬೇಡ ಅಂತ ಗದರಿದ್ದೆ.

ನಮ್ಮದು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಶಾಲೆ. ಅರ್ಧ ಮಕ್ಕಳು ಊರಿನವರು, ಅರ್ಧ ಪಕ್ಕದ ಲಂಬಾಣಿ ತಾಂಡಾದವರು. ನಾನು ದಿನಾ ಸಿಟಿಯಿಂದ ಸ್ಕೂಟಿಯಲ್ಲಿ ಹೋಗಿಬರುತ್ತೇನೆ. ಆ ವಾರ ಟೀಚರುಗಳ ಗ್ರೂಪಿಗೆ ಮೇಲಿನಿಂದ ಒಂದು ನಮೂನೆ ಬಂತು. ‘ಮನೆಯಲ್ಲಿ ಪೋಲಾಗುವ ನೀರು’. ನಾಲ್ಕು ಕಾಲಂ: ಷವರ್ ಸ್ನಾನ, ಹಲ್ಲುಜ್ಜುವಾಗ ಬಿಟ್ಟ ನಳ, ಫ್ಲಷ್, ಗಾಡಿ ತೊಳೆಯುವುದು. ಮಕ್ಕಳಿಂದ ತುಂಬಿಸಿ ಫೋಟೋ ಸಮೇತ ಮಧ್ಯಾಹ್ನ ಎರಡರೊಳಗೆ ಕಳಿಸಬೇಕು.

ಇದನ್ನು ಮಾಡಿದವರು ತಾಂಡಾ ನೋಡಿಲ್ಲ ಅಂತ ಈಗ ಬೈಯುತ್ತೇನೆ. ಆದರೆ ನಾನಾದರೂ ಎಲ್ಲಿ ನೋಡಿದ್ದೆ? ಶಾಲೆಯಿಂದ ಒಂದೂವರೆ ಕಿಲೋಮೀಟರ್. ನಾಲ್ಕು ವರ್ಷದಲ್ಲಿ ಒಂದೇ ಸಲ ಹೋಗಿದ್ದೆ. ಅದೂ ಮೊದಲ ನಾಲ್ಕು ಮನೆ ಮುಗಿಸಿ ವಾಪಸ್ ಬಂದಿದ್ದೆ.

ಪಾಠಕ್ಕೆ ಮಾತ್ರ ಜೋರು ತಯಾರಿ ಮಾಡಿದ್ದೆ. ವಿಜಯಪುರದ ಹಳೆಯ ಬಾವಿ ತಾಜ್ ಬಾವಡಿಯ ಫೋಟೋ ತೋರಿಸಿದೆ. 1620ರಲ್ಲಿ ಕಟ್ಟಿದ್ದು. ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಸಿಟಿಯೊಳಗೆ ಬರುತ್ತಿತ್ತು, ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಗಂಜ್ ಅನ್ನುವ ಗೋಪುರಗಳಿದ್ದವು ಅಂತ ಬೋರ್ಡ್ ಮೇಲೆ ಚಿತ್ರ ಬರೆದೆ. ಹಿಂದಿನವರು ನೀರನ್ನು ಎಷ್ಟು ಜಾಣತನದಿಂದ ಬಳಸುತ್ತಿದ್ದರು ನೋಡಿ ಅಂದೆ. ಹಿಂದೆ ಕುರ್ಚಿಯಲ್ಲಿ, ಶಾಲೆಗಳಿಗೆ ಭೇಟಿ ಕೊಟ್ಟು ನೋಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸರ್ ಕೂತಿದ್ದರು. ತಲೆ ಆಡಿಸುತ್ತಿದ್ದರು.

ಆಮೇಲೆ ಹಿಂದಿನ ದಿನ ಕೊಟ್ಟ ನಮೂನೆ ನೋಡತೊಡಗಿದೆ. ಆ ಹುಡುಗಿಯದರಲ್ಲಿ ನಾಲ್ಕೂ ಕಾಲಂನಲ್ಲಿ ಬರೀ ಗೆರೆ. ಅವಳ ಮನೆಯವರು ಕಬ್ಬು ಕಡಿಯಲು ಹೋಗಿ ಫೆಬ್ರವರಿ ಕೊನೆಗೆ ಬಂದಿದ್ದರು. ಮೂರು ತಿಂಗಳು ಶಾಲೆ ತಪ್ಪಿದೆ, ಮನೆಗೆಲಸವೂ ಮಾಡಿಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ನಿಲ್ಲಿಸಿ ಕೇಳಿದೆ.

“ನಮ್ಮನ್ಯಾಗ ನೀರ ಹಾಳಾಗೂದಿಲ್ರಿ ಟೀಚರ್.”

“ನೀರ ಹಾಳಾಗದ ಮನಿ ಇರ್ತದೇನು? ಸುಳ್ಳ ಹೇಳಬ್ಯಾಡ.”

ಊರಿನ ಹುಡುಗರು ನಕ್ಕರು. ನಾನು ತಡೆಯಲಿಲ್ಲ. ಸಿಆರ್‌ಪಿ ಸರ್ ಭೇಟಿ ಪುಸ್ತಕದ ಮೇಲೆ ಪೆನ್ನು ಇಟ್ಟುಕೊಂಡು ನೋಡುತ್ತಿದ್ದರು. ನನಗೆ ಆಗ ಬೇಕಾಗಿದ್ದದ್ದು ಒಂದೇ, ಆ ಹಾಳೆ ತುಂಬಬೇಕು. ಅವಳು ಏನೋ ಹೇಳಲು ಬಾಯಿ ತೆರೆದಳು. ಕನ್ನಡ ಸಿಗಲಿಲ್ಲ. ಲಂಬಾಣಿಯಲ್ಲಿ ಎರಡು ಮಾತು ಅಂದು ಸುಮ್ಮನಾದಳು. ಪಕ್ಕದಲ್ಲಿ ಅದೇ ತಾಂಡಾದ ಹುಡುಗ ಇದ್ದ. ಏನು ಹೇಳಿದಳು ಅಂತ ಅವನನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆದೆ.

ಮುಂದೆ ಮೂರು ದಿನ ಅವಳು ಬರಲಿಲ್ಲ. ನಾಲ್ಕನೇ ದಿನ ಸಂಜೆ ತಾಂಡಾಕ್ಕೆ ಹೋದೆ.

ಅವಳ ತಾಯಿ “ಬರ್ರಿ ಅಕ್ಕೋರ” ಅಂತ ಕೌದಿ ಹಾಸಿ, ಮೊದಲು ತುಂಬಿದ ತಂಬಿಗೆ ನೀರು ತಂದಿಟ್ಟರು. ಅಲ್ಲಿ ನಳ ಇರಲಿಲ್ಲ. ಕೊಳವೆಬಾವಿಯಿಂದ ದಿನಕ್ಕೆ ಆರು ಕೊಡ ಹೊತ್ತು ತರುತ್ತಾರೆ. ಮನೆಯಲ್ಲಿ ಏಳು ಜನ. ಕೊಡಕ್ಕೆ 15 ಲೀಟರ್ ಹಿಡಿದರೂ 90 ಲೀಟರ್, ತಲೆಗೆ 13 ಲೀಟರೂ ಬೀಳುವುದಿಲ್ಲ. ಹಳ್ಳಿಯ ಮನೆಮನೆಗೆ ನಳದ ನೀರು ಕೊಡಲು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕಿ, ಒಂದೇ ಬೋಗುಣಿ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಸ್ನಾನ ಮಾಡುವ ಕಲ್ಲಿನಿಂದ ಸಣ್ಣ ಕಾಲುವೆ ನುಗ್ಗೆ ಗಿಡಕ್ಕೆ ಹೋಗಿತ್ತು. ಅಕ್ಕಿ ತೊಳೆದ ನೀರು ಆಡುಗಳಿಗೆ. ಹಾಳಾಗುವ ನೀರು ನಿಜವಾಗಿಯೂ ಇರಲಿಲ್ಲ. ಅವಳ ಉತ್ತರ ಸರಿ ಇತ್ತು.

ನನ್ನ ಕೈಯಲ್ಲಿದ್ದ ಆ ತಂಬಿಗೆಯ ನೀರನ್ನು ಒಂದು ಹನಿಯೂ ಬಿಡದೆ ಕುಡಿದೆ. ಅವಳ ಹತ್ತಿರ ತಪ್ಪಾಯಿತು ಅಂದೆ. ಅವಳು ತಾಯಿಯ ಬೆನ್ನ ಹಿಂದೆ ಹೋದಳು.

ಮಕ್ಕಳ ಬದುಕಿಗೆ ಕಲಿಕೆಯನ್ನು ಜೋಡಿಸಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ. ತರಬೇತಿಯಲ್ಲಿ ಎಷ್ಟು ಸಲ ಕೇಳಿಲ್ಲ! ನಾನೂರು ವರ್ಷದ ಹಿಂದಿನ ಬಾವಿಯ ಜಾಣತನ ನನಗೆ ಕಾಣುತ್ತಿತ್ತು, ಕ್ಲಾಸಿನಲ್ಲಿ ಕೂತ ಹುಡುಗಿಯದು ಕಾಣಲಿಲ್ಲ. ಮೇಲಿನಿಂದ ಬಂದ ನಮೂನೆ ಸರಿ ಇಲ್ಲ ಅಂದರೆ ಅದನ್ನು ಮಡಚಿಡುವ ಧೈರ್ಯ ಟೀಚರಿಗೆ ಇರಬೇಕು. ಮಗು ಗೆರೆ ಎಳೆದು ತಂದರೆ ಯಾಕೆ ಅಂತ ಕೇಳಬೇಕು. ಅದರ ಮಾತು ನಮಗೆ ಬರದಿದ್ದರೆ ಬರುವವರನ್ನು ಕರೆಯಬೇಕು. ಪಾಣಿ ಅಂದರೆ ನೀರು, ಯಾಡಿ ಅಂದರೆ ತಾಯಿ. ಇಷ್ಟು ಲಂಬಾಣಿ ಕಲಿಯಲು ನನಗೆ ಐದನೇ ವರ್ಷ ಬೇಕಾಯಿತು.

ಜೂನ್‌ನಲ್ಲಿ ಶಾಲೆ ಶುರುವಾದಾಗ ನಮ್ಮದೇ ಪಟ್ಟಿ ಮಾಡಿದೆವು. ಎಷ್ಟು ಕೊಡ, ಯಾರು ಹೊರುತ್ತಾರೆ, ಎಷ್ಟು ದೂರ, ಬಳಸಿದ ನೀರು ಎಲ್ಲಿ ಹೋಗುತ್ತದೆ. ಊರಿನ ಮಕ್ಕಳೂ ಬರೆದರು. ಹೊರುವವರ ಕಾಲಂನಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ತಾಯಿ, ಅಕ್ಕ, ಇಲ್ಲವೇ ನಾನು ಅಂತ ಹೆಂಗಸರು, ಹುಡುಗಿಯರೇ ಇದ್ದರು. ಗಣಿತವೂ ಅದರಲ್ಲೇ ಆಯಿತು.

ಆ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ಓದಿದ್ದು ಅವಳೇ. ಓದಿ ಮುಗಿಸಿ, “ನಮ್ಮ ತಾಂಡಾಕ ನಳ ಯಾವಾಗ ಬರ್ತಾವ್ರಿ?” ಅಂತ ಕೇಳಿದಳು. ಪಂಚಾಯಿತಿಯ ಪಿಡಿಒ ಬರೆದುಕೊಂಡರು. ಪೈಪು ಈಗ ತಾಂಡಾದ ಬಾಗಿಲವರೆಗೆ ಬಂದಿದೆ, ನೀರು ಇನ್ನೂ ಬಂದಿಲ್ಲ. ಮಕ್ಕಳು ಪ್ರತಿ ಶನಿವಾರ ಕೊಡಗಳ ಲೆಕ್ಕ ಬರೆಯುತ್ತಲೇ ಇದ್ದಾರೆ.