ಕಲಬುರಗಿಯಿಂದ ನೇತ್ರಾಣಿಗೆ: ಸ್ಕೂಬಾದ ಎರಡನೇ ಮೆಟ್ಟಿಲು

ನಮ್ಮ ಕಡೆ ಈಜು ಅಂದರೆ ಹೊಲದ ಬಾವಿ. ನಾನೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಲ್ಲೇ ಕಲಿತವನು. ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು. ಅದರ ಮೊದಲ ಕೋರ್ಸ್ ಓಪನ್ ವಾಟರ್ ಮುಗಿದಿತ್ತು. ಈ ಜನವರಿಯಲ್ಲಿ ಅಡ್ವಾನ್ಸ್ಡ್ ಕೋರ್ಸಿಗೆ ಮುರುಡೇಶ್ವರಕ್ಕೆ ಹೋಗಿ ಬಂದೆ.

ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಘಟ್ಟ ಇಳಿದು ಹೊನ್ನಾವರದ ಮೇಲೆ ಮುರುಡೇಶ್ವರ. ಡೈವ್ ಮಾಡುವುದು ನೇತ್ರಾಣಿ ದ್ವೀಪದ ಹತ್ತಿರ, ದಡದಿಂದ ಸುಮಾರು 19 ಕಿ.ಮೀ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಬೋಟ್ ಚೆನ್ನಾಗಿ ಓಲಾಡುತ್ತದೆ, ಹಿಂದಿನ ರಾತ್ರಿ ಊಟ ಹಗುರ ಇರಲಿ. ಆರೋಗ್ಯದ ಫಾರ್ಮಿನಲ್ಲಿ ಅಸ್ತಮಾ, ಕಿವಿ, ಹೃದಯದ ಬಗ್ಗೆ ಕೇಳುತ್ತಾರೆ. ಡಾಕ್ಟರ್ ಸಹಿ ಬೇಕಾಗುವಂತಿದ್ದರೆ ಊರಲ್ಲೇ ಮಾಡಿಸಿಕೊಳ್ಳಿ.

ನೆಗಡಿ ಇದ್ದರೆ ಮಾತ್ರ ದಯವಿಟ್ಟು ಇಳಿಯಬೇಡಿ. ನಾನು ಇಳಿದೆ. ನಾಲ್ಕು ಮೀಟರಿಗೇ ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಮೂಗು ಹಿಡಿದು ಮೆಲ್ಲಗೆ ಊದಿದರೂ ಬಿಡಲಿಲ್ಲ. ಮೇಲೆ ಬಂದು ಎರಡು ದಿನ ಸುಮ್ನೆ ರೂಮಿನಲ್ಲಿ ಕೂತೆ. ಕೈಯಲ್ಲಿ ಒಂದೆರಡು ದಿನ ಜಾಸ್ತಿ ಇಟ್ಟುಕೊಂಡೇ ಹೊರಡಿ.

ನಾನು ಮಾಡಿದ್ದು ಪಾಡಿ (PADI) ಅನ್ನುವ ಡೈವಿಂಗ್ ಸಂಸ್ಥೆಯ ಕೋರ್ಸ್, ಅದರಲ್ಲಿ ಐದು ಡೈವ್. ಆಳದ ಡೈವ್, ಕಂಪಾಸ್ ಹಿಡಿದು ದಾರಿ ಹುಡುಕುವುದು, ಇವೆರಡು ಕಡ್ಡಾಯ. ಉಳಿದ ಮೂರು ನಮ್ಮ ಆಯ್ಕೆ. ಮುಗಿದರೆ ಇಳಿಯಬಹುದಾದ ಆಳದ ಮಿತಿ 18 ಮೀಟರಿನಿಂದ 30ಕ್ಕೆ ಏರುತ್ತದೆ. ಬೊಯನ್ಸಿ, ಅಂದರೆ ತೇಲುವುದರ ಮೇಲೆ ಹಿಡಿತ ಕಲಿಸುವ ಡೈವನ್ನು ಖಂಡಿತ ತಗೊಳ್ಳಿ, ಅದೂ ಮೊದಲೇ. ನೀರಿನ ನಡುವೆ ಅಲ್ಲಾಡದೆ ನಿಲ್ಲಬೇಕು. ಉಸಿರು ತಗೊಂಡರೆ ಮೈ ಗೇಣುದ್ದ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬಾವಿಯಲ್ಲಿ ಕಲಿತವರಿಗೆ ಕೈ ಬಡಿಯುವ ಅಭ್ಯಾಸ ಅಲ್ವಾ? ಅದು ಬಿಡಲು ನನಗೆ ಪೂರ್ತಿ ಒಂದು ಡೈವ್ ಹಿಡಿಯಿತು. ಬಿಟ್ಟ ಮೇಲೆ ಸಿಲಿಂಡರಿನ ಗಾಳಿ ಎಷ್ಟೋ ಹೊತ್ತು ಬಂತು.

ಇದರ ಬೆಲೆ ಆಳದಲ್ಲಿ ಗೊತ್ತಾಗುತ್ತದೆ. 24 ಮೀಟರಿನಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ. ಒಂದೊಂದು ಉಸಿರಿಗೂ ಅಷ್ಟೇ ಪಟ್ಟು ಗಾಳಿ ಖರ್ಚು. ಅಲ್ಲಿ ನನ್ನ ಮಣಿಕಟ್ಟು ನೋಡಿಕೊಂಡೆ. ಗಾಣಗಾಪುರದಲ್ಲಿ ಅವ್ವ ಕಟ್ಟಿಸಿದ ಕೆಂಪು ದಾರ ಕಪ್ಪುಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ನುಂಗುವುದು ಕೆಂಪನ್ನೇ. ಟಾರ್ಚ್ ಹಾಕಿದ ಕೂಡಲೇ ದಾರ ಮತ್ತೆ ಕುಂಕುಮದ ಹಾಗೆ ಹೊಳೆಯಿತು. ಅಲ್ಲೇ ನಿಂತು ಇನ್ನೊಮ್ಮೆ, ಮತ್ತೊಮ್ಮೆ ಟಾರ್ಚ್ ಹಾಕಿ ನೋಡಿದೆ.

ವಾಪಸ್ ಬರುವ ಲೆಕ್ಕ ನಮ್ಮ ಕಡೆಯವರಿಗೆ ಬೇರೆಯೇ ಇದೆ. ಆಳದಲ್ಲಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಸೇರಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಒತ್ತಡ ಇಳಿದು ಅದು ಮೈಯೊಳಗೇ ಗುಳ್ಳೆಯಾಗಬಹುದು. ಹಲವು ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಬಸ್ಸಿಗೂ ಇದು ಅನ್ವಯಿಸುತ್ತದೆ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ. ಸಂಜೆ ಡೈವ್ ಮುಗಿಸಿ ರಾತ್ರಿಯೇ ಘಟ್ಟ ಹತ್ತಬೇಡಿ. ನಾನು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದೆ. ಬೆಳಿಗ್ಗೆ ಒದ್ದೆ ಬಟ್ಟೆ ಒಣಗಿಸಿ, ಮಧ್ಯಾಹ್ನದ ಊಟ ಮುಗಿಸಿ ಬಸ್ ಹತ್ತಿದೆ.