ತಪ್ಪು ಎಲ್ಲೋ, ಎರರ್ ಎಲ್ಲೋ

ಕಳೆದ ವಾರ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಫೋನ್ ಬಂತು. ಅವರ ಲೆಕ್ಕವೆಲ್ಲ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ಫೈಲಿನಲ್ಲಿದೆ. ಹೊಸ ಲಾಟ್ ಸೇವ್ ಮಾಡಿದರೆ ಸಾಕು, 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್', ಅಂದರೆ ಕೊಟ್ಟ ಮಾಹಿತಿ ಸರಿಯಿಲ್ಲ, ಅಂತ ಎರರ್ ಬರ್ತಿತ್ತು. "ನಿನ್ನೆ ಸಂಜಿತನಕ ಚಲೋ ಇತ್ರಿ ಸರ್" ಅಂದ ಗುಮಾಸ್ತ.

ಹುಬ್ಬಳ್ಳಿಯಿಂದ ಹೋಗಿ ಕೂತೆ. ಎರರ್ ಹಾಗೆ ಹೇಳಿದರೆ ಯಾರಾದರೂ ಏನು ಹುಡುಕ್ತಾರೆ? ತಪ್ಪು ದಿನಾಂಕ, ನಂಬರ್ ಜಾಗದಲ್ಲಿ ಅಕ್ಷರ, ಫಾರ್ಮ್ ಹಿಂದಿನ ಕೋಡ್, ಎಲ್ಲ ಜಾಲಾಡಿದೆ, ಎರಡು ತಾಸು ಹೋಯ್ತು, ಎರಡು ಸಲ ಚಹಾನೂ ಆಯ್ತು. ಕೊನೆಗೆ ಸುಮ್ನೆ ಫೈಲಿನ ಪ್ರಾಪರ್ಟೀಸ್ ತೆಗೆದು ನೋಡಿದರೆ ಸೈಜ್ 2 ಜಿಬಿಗೆ ಹೋಗಿ ಮುಟ್ಟಿದೆ! ಆಕ್ಸೆಸ್‌ನಲ್ಲಿ ಒಂದು ಫೈಲಿಗೆ ಅಷ್ಟೇ ಮಿತಿ. 'ಜಾಗ ಮುಗೀತು' ಅನ್ನೋಕೆ ಇದಕ್ಕೇನು ಕಷ್ಟವೋ.

ಅಸಲಿಗೆ ಡೇಟಾ ಅಷ್ಟಿರಲಿಲ್ಲ. ದಿನಾ ರಾತ್ರಿ ಎಕ್ಸೆಲ್‌ನಿಂದ ತಾತ್ಕಾಲಿಕ ಟೇಬಲ್ಲಿಗೆ ತಂದು, ಕೆಲಸ ಮುಗಿದ ಮೇಲೆ ಅಳಿಸ್ತಿದ್ದರು. ಅಳಿಸಿದರೂ ಫೈಲ್ ಸಣ್ಣದಾಗಲ್ಲ, 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಕೊಡಬೇಕು. ಮೊದಲು ಎಲ್ಲರನ್ನೂ ಫೈಲಿನಿಂದ ಹೊರಗೆ ಕಳಿಸಿ, ಪಕ್ಕದಲ್ಲಿ .ಎಲ್‌ಎಸಿಸಿಡಿಬಿ ಲಾಕ್ ಫೈಲ್ (ಯಾರಾದರೂ ಫೈಲ್ ತೆರೆದಿದ್ದಾಗ ಇರುವಂಥದ್ದು) ಮಾಯವಾಗಿದೆಯಾ ನೋಡಿ, ಒಂದು ಕಾಪಿ ತೆಗೆದಿಟ್ಟುಕೊಂಡೆ. ಆಮೇಲೆ ಕಾಂಪ್ಯಾಕ್ಟ್ ಕೊಟ್ಟರೆ ಫೈಲ್ 340 ಎಂಬಿಗೆ ಇಳೀತು, ಮರುಕ್ಷಣವೇ ಲಾಟ್ ಸೇವ್ ಆಯ್ತು.

ದಾರಿ ತಪ್ಪಿಸುವ ಈ ಎರರ್‌ಗೆ ತಮ್ಮನೊಬ್ಬ ಇದ್ದಾನೆ, 'ಟೂ ಫ್ಯೂ ಪ್ಯಾರಾಮೀಟರ್ಸ್, ಎಕ್ಸ್‌ಪೆಕ್ಟೆಡ್ 1', ಅಂದರೆ ಒಂದು ಮಾಹಿತಿ ಕಡಿಮೆ ಬಿತ್ತು ಅಂತ. ಅದು ಬಂದರೆ ಜಾಸ್ತಿ ತಲೆ ಕೆಡಿಸಿಕೊಳ್ಳದೆ ಕ್ವೆರಿಯಲ್ಲಿ (ಡೇಟಾ ಕೇಳಲು ಬರೆಯುವ ಆದೇಶ) ಕಾಲಂ ಹೆಸರಿನ ಸ್ಪೆಲ್ಲಿಂಗ್ ನೋಡಿ. ಅಲ್ಲಿ ಒಂದಕ್ಷರ ತಪ್ಪಿರುತ್ತೆ, ಬಹುತೇಕ ಸಲ ಅಷ್ಟೇ.

ತಾತ್ಕಾಲಿಕ ಟೇಬಲನ್ನು ಈಗ ಬೇರೆ ಫೈಲಿಗೆ ಹಾಕಿಟ್ಟಿದ್ದೇನೆ. ಬರುವಾಗ ಗುಮಾಸ್ತ ಒಂದು ಕಿಲೋ ಮೆಣಸಿನಕಾಯಿ ಕಟ್ಟಿ ಕೊಟ್ಟ.