ಕಥೆ ಹೇಳಿದ್ರೆ ಮಕ್ಕಳು ಹೊರಗೆ ಹೋಗ್ತಾರಾ ಸಾರ್?

ಹೋಗ್ತಾರೆ. ಉತ್ತರ ಇಷ್ಟೇ.

ಭಾನುವಾರ ಮಕ್ಕಳನ್ನು ಮರ ತೋರಿಸಲು ಕರೆದುಕೊಂಡು ಹೋಗುತ್ತೇನೆ ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಯಾರಾದರೂ ಶುರು ಮಾಡುತ್ತಾರೆ. "ನಮ್ಮವನು ಮೊಬೈಲ್ ಬಿಡೋದೇ ಇಲ್ಲ, ಏನೋ ಒಂದು ಕಥೆ ಹೇಳಿ ಹೊರಗೆ ಕಳಿಸಿ." ಏನೋ ಒಂದು ಕಥೆಯಂತೆ! ಹಲ್ಲುನೋವಿಗೆ ಏನೋ ಒಂದು ಮಾತ್ರೆ ಕೊಡಿ ಅಂದ ಹಾಗೆ. ಕೇಳುವಾಗ ಅವರ ಕಣ್ಣು ಅವರ ಮೊಬೈಲ್ ಮೇಲೇ ಇರುತ್ತದೆ, ಆ ವಿಷಯ ಬಿಡಿ.

ಸುಮ್ನೆ ಮಾಹಿತಿ ಹೇಳಿದರೆ ಯಾರೂ ಕದಲುವುದಿಲ್ಲ. ಲಾಲ್‌ಬಾಗಿನ ಬಂಡೆಗೆ ಹತ್ತಿರ ಹತ್ತಿರ 300 ಕೋಟಿ ವರ್ಷ ಅಂತ ಹೇಳಿ ನೋಡಿ. "ಓ" ಅಂತಾರೆ, ಸೆಲ್ಫಿ ತೆಗೀತಾರೆ, ಮುಗೀತು.

ಹೋದ ವರ್ಷ ಒಂದು ಅಪಾರ್ಟ್‌ಮೆಂಟಿನಲ್ಲಿ ಅತ್ತಿ ಹಣ್ಣಿನ ಕಥೆ ಹೇಳಿದೆ. ಅತ್ತಿ ಹೂವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅದು ಕಾಯಿಯ ಒಳಗೇ ಅರಳುತ್ತದೆ. 2 ಮಿಲಿಮೀಟರ್ ಉದ್ದದ ಹೆಣ್ಣು ಕಣಜದ ಹುಳ, ಬೇರೆ ಮರದ ಪರಾಗ ಹೊತ್ತುಕೊಂಡು, ಕಾಯಿಯ ತುದಿಯ ತೂತಿನಲ್ಲಿ ನುಗ್ಗುತ್ತಾಳೆ. ನುಗ್ಗುವಾಗ ರೆಕ್ಕೆ ಮುರಿಯುತ್ತದೆ, ವಾಪಸ್ ಬರುವ ಮಾತೇ ಇಲ್ಲ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತಾಳೆ. ಅವಳ ಗಂಡುಮಕ್ಕಳಿಗೆ ರೆಕ್ಕೆಯೇ ಇಲ್ಲ. ಆದರೂ ಹೆಣ್ಣುಗಳು ಹೊರಗೆ ಹೋಗಲಿ ಅಂತ ಸುರಂಗ ಕೊರೆಯುತ್ತಾರೆ...

ಅಲ್ಲಿಗೆ ನಿಲ್ಲಿಸಿದೆ.

"ಆಮೇಲೆ?" ಅಂದಳು ಒಬ್ಬ ಹುಡುಗಿ.

"ಗೇಟಿನ ಪಕ್ಕ ಮರ ಇದೆಯಲ್ಲ ಪುಟ್ಟಿ, ಹಣ್ಣು ಬಿಚ್ಚಿ ನೋಡು."

ಚಪ್ಪಲಿಯನ್ನೂ ಮರೆತು ಎಲ್ಲ ಓಡಿದರು. ಅವಳು ಹಣ್ಣು ಸೀಳಿದ ಕೂಡಲೇ ಎಳ್ಳಿಗಿಂತ ಸಣ್ಣ ಹುಳಗಳು ಅಂಗೈ ಮೇಲೆಲ್ಲ ಹರಿದಾಡಿದವು. ಕಿರುಚಿದಳು, ಆದರೆ ಕೈ ಕೊಡವಲಿಲ್ಲ. ಅಷ್ಟರಲ್ಲಿ ಒಬ್ಬ ತಂದೆ ಬಂದು, "ಇದರ ನೀತಿ ಏನು ಸಾರ್?" ಅಂತ ಕೇಳಿದರು. "ಅತ್ತಿ ಹಣ್ಣು ಬಿಚ್ಚಿದ್ರೆ ಹುಳ ಅಂತ ಗಾದೆ ಇದೆಯಲ್ಲ, ಅದೇ" ಅಂದೆ. ಸ್ವಲ್ಪ ಒರಟಾಯ್ತು, ಒಪ್ತೀನಿ.

ಹೊರಗೆ ಅಂದ್ರೆ ಎಲ್ಲಿಗೆ? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೇಳುವುದು ಜಾಸ್ತಿ ಇತ್ತು. ಈ ವರ್ಷ ಮತ್ತೆ ಅದೇ ಅಪಾರ್ಟ್‌ಮೆಂಟಿನವರು ಕರೆದರು. ಗೇಟಿನ ಪಕ್ಕ ಮರ ಇರಲಿಲ್ಲ. ಹಣ್ಣು ಬಿದ್ದು ಕಾರುಗಳು ಗಲೀಜಾಗುತ್ತಿದ್ದವಂತೆ. ಬುಡ ಇದ್ದ ಕಡೆ ಟೈಲ್ಸ್ ಹಾಕಿದ್ದರು. ಕಥೆಗೆ ಅಂತ ಎಸಿ ಹಾಲ್ ಬುಕ್ ಮಾಡಿದ್ದರು, ಮೈಕೂ ಇತ್ತು. ಆ ಹುಡುಗಿ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಈ ಸಲ ಕಥೆ ಪೂರ್ತಿ ಹೇಳಿ ಮುಗಿಸಿದೆ.